ಮನೆಯಲ್ಲಿ ಕೀಮೋ, ಮಡಿಲಲ್ಲಿ ಮಗು

(ರೋಗಿಗಳು ಹಾಗೂ ಅವರ ಸಂಬಂಧಿಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯಿಂದ ಬೆಳಗಿನ ಗಾಡಿಗೆ ಹೊರಟು ಬಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ಕೀಮೋ ಬಗ್ಗೆ ಡಾಕ್ಟರು ನಿಮಗೆ ಹೇಳಿದ್ದಾರೆ. ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ, ಯಾವ ಗುಳಿಗೆ ಯಾವಾಗ ಎಂಬುದೆಲ್ಲ ಚೀಟಿಯಲ್ಲಿದೆ. ಆ ಚೀಟಿಯಲ್ಲಿ ಬರೆಯದ ಒಂದು ಮಾತಿದೆ. ಮನೆಯಲ್ಲಿ ಮೂರು ವರ್ಷದ, ಐದು ವರ್ಷದ, ಎಂಟು ವರ್ಷದ ಮಗು ಇದ್ದರೆ ಅದಕ್ಕೆ ಏನು ಹೇಳಬೇಕು? ಅದನ್ನು ಹತ್ತಿರ ಕರೆದುಕೊಳ್ಳಬೇಕೋ, ದೂರ ಇಡಬೇಕೋ? ಇವತ್ತು ಅದೊಂದನ್ನೇ ಮಾತಾಡೋಣ.

ಮೊದಲು ಮಗು ಏನು ನೋಡುತ್ತದೆ ಎಂಬುದನ್ನು ವಿಚಾರ ಮಾಡಿರಿ. ಹೀಗೊಂದು ಮನೆ ಎಂದುಕೊಳ್ಳಿರಿ. ಅಪ್ಪ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೂಲಿ, ಅವ್ವನಿಗೆ ಎದೆಯಲ್ಲಿ ಗಂಟು. ಒಂದು ದಿನ ಬೆಳಗ್ಗೆ ಮಗು ಎದ್ದಾಗ ಅವ್ವ ಮಗ್ಗುಲಲ್ಲಿ ಇಲ್ಲ. ರಾತ್ರಿ ಬಂದವಳು ವಾಂತಿ ಮಾಡಿ ಮಲಗುತ್ತಾಳೆ. ಬಂದು ಹೋಗುವವರು ಬಾಗಿಲಲ್ಲೇ ಕಣ್ಣು ಒರೆಸಿಕೊಳ್ಳುತ್ತಾರೆ. ಮಗು ಒಳಗೆ ಬಂದರೆ ಎಲ್ಲರ ಮಾತು ನಿಲ್ಲುತ್ತದೆ. ಇಷ್ಟು ಸಾಕು, ಮಗುವಿಗೆ ಏನೋ ಕೆಟ್ಟದ್ದು ನಡೆದಿದೆ ಎಂದು ತಿಳಿಯುತ್ತದೆ. ಆದರೆ ಅದು ಏನೆಂದು ಯಾರೂ ಹೇಳುವುದಿಲ್ಲ. ಆಗ ಅದು ತನ್ನಷ್ಟಕ್ಕೆ ಕಾರಣ ಹುಡುಕುತ್ತದೆ. ಐದಾರು ವರ್ಷದ ಒಳಗಿನ ಮಕ್ಕಳು ಹೊರಗೆ ಆದದ್ದಕ್ಕೆಲ್ಲ ತಾವೇ ಕಾರಣ ಎಂದು ತಿಳಿಯುವುದು ಸಹಜ. "ನಾ ಹಟ ಮಾಡಿದೆ, ಅದಕ್ಕ ಅವ್ವಗ ಹಿಂಗಾಯ್ತು" ಎಂದು ಒಳಗೊಳಗೇ ನೊಂದುಕೊಳ್ಳುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ. ಹಾಸಿಗೆಯಲ್ಲಿ ಮೂತ್ರ ಮಾಡುತ್ತದೆ, ಬೆರಳು ಚೀಪುತ್ತದೆ, ಅಂಗನವಾಡಿಗೆ ಹೋಗಲಾರೆ ಎಂದು ಅಳುತ್ತದೆ. ನಾವು ಅದಕ್ಕೆ ಮೊಂಡತನ ಎಂದು ಬಯ್ಯುತ್ತೇವೆ. ಅದು ಮೊಂಡತನವಲ್ಲ, ಹೆದರಿಕೆ.

ಹೇಳಬೇಕೋ ಬೇಡವೋ

ನಮ್ಮ ಕಡೆ ಮನೆಯವರು ಮಾಡುವ ಮೊದಲ ಕೆಲಸ ಮುಚ್ಚಿಡುವುದು. ಕ್ಯಾನ್ಸರ್ ಎಂಬ ಹೆಸರನ್ನೇ ಎತ್ತದೆ "ದೊಡ್ಡ ಬ್ಯಾನಿ" ಎನ್ನುತ್ತಾರೆ. ಮಗುವನ್ನು ಆಯಿಯ ಊರಿಗೆ ಕಳಿಸಿಬಿಡುತ್ತಾರೆ. ಇದರ ಹಿಂದೆ ಪ್ರೀತಿ ಇದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮುಚ್ಚಿಟ್ಟ ಮಾತು ಮುಚ್ಚಿಟ್ಟಲ್ಲೇ ಉಳಿಯುವುದಿಲ್ಲ. ಓಣಿಯ ಹುಡುಗರೋ, ನೀರಿಗೆ ಬಂದ ಹೆಂಗಸರೋ ಮಗುವಿನ ಕಿವಿಗೆ ಹಾಕುತ್ತಾರೆ. ಅವ್ವನ ಬಾಯಿಂದ ಮೆತ್ತಗೆ ಬರಬೇಕಾದ ಮಾತು ಬೇರೆಯವರ ಬಾಯಿಂದ ಕಲ್ಲಾಗಿ ಬೀಳುತ್ತದೆ.

ಇದು ಬಡವರ ಮನೆಯ ಪ್ರಶ್ನೆ ಮಾತ್ರವಲ್ಲ. 2018ರಲ್ಲಿ ಚಿತ್ರನಟಿ ಸೋನಾಲಿ ಬೇಂದ್ರೆಯವರಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ ಅವರ ಮಗನಿಗೆ ಹನ್ನೆರಡು ವರ್ಷ. ಹೇಗೆ ಹೇಳುವುದು ಎಂದು ತಾವು ಚಿಂತಿಸಿದ್ದನ್ನೂ, ನಿಜವನ್ನೇ ಹೇಳಿದ್ದನ್ನೂ, ಮಗ ಅದನ್ನು ಧೈರ್ಯದಿಂದ ತೆಗೆದುಕೊಂಡಿದ್ದನ್ನೂ ಅವರೇ ಬರೆದು ತಿಳಿಸಿದರು. 2024ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ರಾಜಕುಮಾರ ವಿಲಿಯಂ ಅವರ ಪತ್ನಿ ಕ್ಯಾಥರೀನ್ ತಮಗೆ ಕೀಮೋ ನಡೆದಿದೆ ಎಂದು ಜನರಿಗೆ ಹೇಳಿದರು. ಮೂವರು ಮಕ್ಕಳಿಗೆ ಅವರವರ ವಯಸ್ಸಿಗೆ ತಕ್ಕಂತೆ ತಿಳಿಸಿ ಹೇಳುವುದಕ್ಕೆ ಸಮಯ ಬೇಕಾಯಿತು ಎಂದೂ ಹೇಳಿದರು. ಅವರ ಕಿರಿಯ ಮಗನಿಗೆ ಆಗ ಇನ್ನೂ ಆರು ತುಂಬಿರಲಿಲ್ಲ. ಅರಮನೆಯಲ್ಲಿದ್ದರೂ, ಫರಸಿಯ ಎರಡು ಕೋಣೆಯ ಮನೆಯಲ್ಲಿದ್ದರೂ ತಾಯಿಗೆ ಕಷ್ಟವಾದ ಮಾತು ಇದೊಂದೇ.

ಹಾಗಾದರೆ ಏನು ಹೇಳಬೇಕು? ದೊಡ್ಡ ಭಾಷಣ ಬೇಡ. ಮನೆಯ ಮಾತಿನಲ್ಲಿ ನಾಲ್ಕು ಮಾತು ಸಾಕು. "ಅವ್ವನ ಮೈಯಾಗ ಒಂದು ಗಂಟು ಆಗ್ಯಾದ. ಅದಕ್ಕ ಕ್ಯಾನ್ಸರ್ ಅಂತಾರ. ಡಾಕ್ಟರು ಔಷಧ ಕೊಡ್ಲಿಕತ್ತಾರ. ಔಷಧ ಜೋರದ, ಅದಕ್ಕ ಅವ್ವಗ ಸುಸ್ತಾಗ್ತದ." ಇದರ ಜೊತೆಗೆ ಮೂರು ಭರವಸೆ ಕೊಡಿರಿ. ಒಂದು, ಇದು ನಿನ್ನಿಂದ ಆದದ್ದಲ್ಲ. ಎರಡು, ಇದು ಮುಟ್ಟಿದರೆ ಹತ್ತುವ ರೋಗವಲ್ಲ. ಮೂರು, ನಿನ್ನನ್ನು ನೋಡಿಕೊಳ್ಳಲು ಯಾವಾಗಲೂ ಒಬ್ಬರು ಇರುತ್ತಾರೆ. ಅವರು ಯಾರು ಎಂದು ಹೆಸರು ಹೇಳಿರಿ, ಆಯಿಯೋ, ಚಿಗವ್ವನೋ, ಕಾಕನೋ. ಒಮ್ಮೆ ಹೇಳಿದರೆ ಮುಗಿಯಲಿಲ್ಲ. ಮಗು ಹತ್ತು ಸಲ ಕೇಳುತ್ತದೆ, ಹತ್ತು ಸಲವೂ ಅದೇ ಮಾತು ಹೇಳಬೇಕು.

"ಅವ್ವಾ, ನೀ ಸಾಯ್ತೀ ಏನು?" ಎಂದು ಮಗು ಕೇಳಿಬಿಟ್ಟರೆ? ಈ ಒಂದು ಪ್ರಶ್ನೆಗೆ ಹೆದರಿಯೇ ಬಹಳ ಮಂದಿ ಬಾಯಿ ತೆರೆಯುವುದಿಲ್ಲ. ಬಯ್ಯಬೇಡಿರಿ, ಎದ್ದು ಹೋಗಬೇಡಿರಿ. "ಇಲ್ಲವೇ ಇಲ್ಲ" ಎಂದು ಆಣೆ ಮಾಡಲೂ ಬೇಡಿರಿ. "ಆರಾಮ ಆಗ್ಲಿ ಅಂತೇ ಔಷಧ ತಗೊಳ್ಳಿಕತ್ತೀನಿ. ಡಾಕ್ಟರು, ನಾನು, ಅಪ್ಪ ಎಲ್ಲಾರೂ ಅದಕ್ಕೇ ದುಡೀಲಿಕತ್ತೀವಿ. ಏನಾದ್ರೂ ಬ್ಯಾರೆ ಆದ್ರ ನಿನಗ ಮೊದಲು ಹೇಳ್ತೀನಿ" ಎನ್ನಿರಿ. ಇದರಲ್ಲಿ ಸುಳ್ಳಿಲ್ಲ, ಹೆದರಿಸುವ ಮಾತೂ ಇಲ್ಲ. ಅವ್ವ ತನ್ನಿಂದ ಏನೂ ಮುಚ್ಚಿಡುವುದಿಲ್ಲ ಎಂಬ ನಂಬಿಕೆ ಬಂದರೆ ಮಗು ರಾತ್ರಿ ನಿದ್ದೆ ಮಾಡುತ್ತದೆ.

ಔಷಧದ ಕಥೆ

ಮಕ್ಕಳಿಗೆ ಕಥೆ ಬೇಕು. ಈ ಔಷಧಕ್ಕೆ ಒಳ್ಳೆಯ ಕಥೆಗಳೇ ಇವೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು 1947-48ರಲ್ಲಿ ರಕ್ತದ ಕ್ಯಾನ್ಸರ್ ಆದ ಸಣ್ಣ ಮಕ್ಕಳಿಗೆ ಅಮಿನೋಪ್ಟೆರಿನ್ ಎಂಬ ಔಷಧ ಕೊಟ್ಟು, ಕೆಲವು ಮಕ್ಕಳಲ್ಲಿ ರೋಗ ಸ್ವಲ್ಪ ಕಾಲ ಹಿಂದೆ ಸರಿದದ್ದನ್ನು ಕಂಡರು. ಇಂದಿನ ಕೀಮೋ ಚಿಕಿತ್ಸೆಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ಆ ಔಷಧ ಬಂದದ್ದು ಲೆಡರ್ಲೆ ಕಂಪನಿಯ ಪ್ರಯೋಗಾಲಯದಿಂದ. ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಬಳಗದ ಮೆಥೊಟ್ರೆಕ್ಸೇಟ್ ಈಗಲೂ ಬಳಕೆಯಲ್ಲಿದೆ.

ಇನ್ನೊಂದು ಕಥೆ ನಮ್ಮ ಅಂಗಳದ್ದು. ಗುಡಿಯ ಮುಂದೆ, ಮನೆಯ ಹಿತ್ತಲಲ್ಲಿ ವರ್ಷವಿಡೀ ಅರಳುವ ಸದಾಪುಷ್ಪ, ಕೆಲವರು ನಿತ್ಯಪುಷ್ಪ ಎನ್ನುವ ಆ ಗುಲಾಬಿ-ಬಿಳಿ ಹೂವಿನ ಗಿಡ. ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್ ಎಂಬ ಕೀಮೋ ಔಷಧಗಳು ಆ ಗಿಡದಿಂದಲೇ ದೊರೆತವು. 1960ರ ದಶಕದಿಂದ ಬಳಕೆಯಲ್ಲಿವೆ. ಮಗುವಿಗೆ ಹೂವು ತೋರಿಸಿ ಹೇಳಬಹುದು. ದೊಡ್ಡವರಿಗೆ ಮಾತ್ರ ಒಂದು ಎಚ್ಚರಿಕೆ: ಆ ಎಲೆಯನ್ನು ಕುದಿಸಿ ಕಷಾಯ ಮಾಡಿ ಕುಡಿಸಬೇಡಿರಿ. ಆಸ್ಪತ್ರೆಯಲ್ಲಿ ಕೊಡುವುದು ಶುದ್ಧಮಾಡಿ ತೂಕಕ್ಕೆ ತಕ್ಕಂತೆ ಅಳೆದ ಔಷಧ. ಮನೆಯ ಕಷಾಯಕ್ಕೆ ಅಳತೆಯಿಲ್ಲ, ಅದು ವಿಷವಾಗಬಹುದು.

ಮೂರು ಸಂತೆಯ ಲೆಕ್ಕ

ಕೀಮೋ ಬಹಳ ಸಲ ಇಪ್ಪತ್ತೊಂದು ದಿನಕ್ಕೊಮ್ಮೆ ಬರುತ್ತದೆ. ಕೆಲವರಿಗೆ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆಯೂ ಇರುತ್ತದೆ. ಮಗುವಿಗೆ ಇಪ್ಪತ್ತೊಂದು ಎಂದರೆ ತಿಳಿಯದು, ಸಂತೆ ಎಂದರೆ ತಿಳಿಯುತ್ತದೆ. "ಮೂರು ಸಂತಿ ಆದ ಮ್ಯಾಲೆ ಅವ್ವ ಮತ್ತ ದವಾಖಾನಿಗಿ ಹೋಗ್ತಾಳ" ಎನ್ನಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಸಲೈನ್ ಹಚ್ಚುವ ದಿನಕ್ಕೆ ಮಗುವಿನ ಕೈಯಿಂದಲೇ ಗುರುತು ಹಾಕಿಸಿರಿ.

ಈ ಮೂರು ವಾರ ಒಂದೇ ತರಹ ಇರುವುದಿಲ್ಲ. ಮೊದಲ ಮೂರು ನಾಲ್ಕು ದಿನ ವಾಂತಿ, ಸುಸ್ತು. ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೆಯ ದಿನದವರೆಗೆ ರಕ್ತದಲ್ಲಿ ಬಿಳಿಕಣ ಕಡಿಮೆಯಾಗಿ ಸೋಂಕಿನ ಭಯ ಹೆಚ್ಚು. ಮೂರನೆಯ ವಾರ ಬಹಳ ಜನರಿಗೆ ಮೈ ಹಗುರಾಗುತ್ತದೆ. ಹುಟ್ಟುಹಬ್ಬ, ಶಾಲೆಯ ಕಾರ್ಯಕ್ರಮ, ಜಾತ್ರೆಗೆ ಹೊಸ ಅಂಗಿ ಕೊಡಿಸುವುದು ಇಂಥದನ್ನೆಲ್ಲ ಆ ಮೂರನೆಯ ವಾರಕ್ಕೆ ಇಟ್ಟುಕೊಳ್ಳಿರಿ.

ಊರಿಂದ ಹೊರಡುವಾಗ ಮಗು ಮಲಗಿದೆ ಎಂದು ಕದ್ದು ಹೊರಡಬೇಡಿರಿ. ಅಳಲಿ, ಪರವಾಗಿಲ್ಲ, ಎಬ್ಬಿಸಿ ಹೇಳಿ ಹೊರಡಿರಿ. ಹೇಳದೆ ಹೋದ ಅವ್ವ ಮುಂದೆ ಬಾವಿಗೆ ಹೋದರೂ ಮಗು ಸೆರಗು ಹಿಡಿದುಕೊಳ್ಳುತ್ತದೆ. ಯಾವಾಗ ಬರುತ್ತೇನೆಂದು ಹೇಳಿ, ತಡವಾದರೆ ಫೋನಿನಲ್ಲಿ ಒಂದು ಮಾತು ಆಡಿರಿ.

ಅಪ್ಪಿಕೊಳ್ಳಬಹುದೇ?

ಧಾರಾಳವಾಗಿ ಅಪ್ಪಿಕೊಳ್ಳಬಹುದು. ಕ್ಯಾನ್ಸರ್ ಮಗುವಿಗೆ ಹತ್ತುವುದಿಲ್ಲ. 'ಕರೆಂಟ್' ಎಂದು ನಮ್ಮಲ್ಲಿ ಕೆಲವರು ಕರೆಯುವ ವಿಕಿರಣವನ್ನು ಯಂತ್ರದಿಂದ ಹೊರಗಿನಿಂದ ಕೊಟ್ಟಾಗ ರೋಗಿಯ ಮೈಯಲ್ಲಿ ಏನೂ ಉಳಿಯುವುದಿಲ್ಲ, ಮಗುವಿಗೆ ತೊಂದರೆಯಿಲ್ಲ. ಆದರೂ ಕೆಲವು ನಿಯಮಗಳನ್ನು ಪಾಲಿಸಬೇಕು.

ಕೀಮೋ ಆದ ಎರಡು ದಿನ, ಅಂದರೆ 48 ಗಂಟೆ, ಔಷಧದ ಅಂಶ ಮೂತ್ರ, ಮಲ, ವಾಂತಿಯಲ್ಲಿ ಹೊರಬರುತ್ತದೆ. ಕೆಲವು ಔಷಧಗಳಿಗೆ ಇನ್ನೂ ಹೆಚ್ಚು ದಿನ ಬೇಕು, ಸಿಸ್ಟರನ್ನು ಕೇಳಿರಿ. ಆ ದಿನಗಳಲ್ಲಿ ವಾಂತಿಯ ಬೋಗುಣಿ, ಮಾಸಿದ ಬಟ್ಟೆ ಮಗುವಿನ ಕೈಗೆ ಸಿಗಬಾರದು. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಪಾಯಖಾನೆಗೆ ಎರಡು ಸಲ ನೀರು ಹಾಕಬೇಕು. ಕೆಂಪು ಬಣ್ಣದ ಡಾಕ್ಸೋರುಬಿಸಿನ್ ಔಷಧ ಪಡೆದವರ ಮೂತ್ರ ಒಂದೆರಡು ದಿನ ಕೆಂಪಾಗುತ್ತದೆ. ಅದು ರಕ್ತವಲ್ಲ, ಔಷಧದ ಬಣ್ಣ. ಮಗು ಕಂಡು ಹೆದರಿದರೆ ಹಾಗೆಯೇ ಹೇಳಿರಿ. ಒಂದೇ ತಾಟಿನಲ್ಲಿ ಉಣ್ಣುವುದನ್ನೂ ಎಂಜಲು ತಿನಿಸುವುದನ್ನೂ ಚಿಕಿತ್ಸೆ ಮುಗಿಯುವವರೆಗೆ ಬಿಡಿರಿ.

ಮೊಲೆಯುಣ್ಣುವ ಕೂಸು ಇದ್ದರೆ ಮೊದಲ ಕೀಮೋಗೆ ಮುಂಚೆಯೇ ಡಾಕ್ಟರಿಗೆ ತಿಳಿಸಿರಿ. ಔಷಧ ಎದೆಹಾಲಿಗೆ ಸೇರುವುದರಿಂದ ಹಾಲು ಬಿಡಿಸಬೇಕಾಗುತ್ತದೆ. ಇದು ತಾಯಿಗೆ ಬಹಳ ನೋವಿನ ಸಂಗತಿ. ಹಾಲು ಬಿಡಿಸಿದರೂ ಮಡಿಲು ಬಿಡಿಸಬೇಕಾಗಿಲ್ಲ. ಬಾಟಲಿಗಿಂತ ಲೋಟ-ಚಮಚದಿಂದ ಕುಡಿಸುವುದು ಶುಚಿ. ಏನು ಕುಡಿಸಬೇಕೆಂದು ಮಕ್ಕಳ ಡಾಕ್ಟರನ್ನು ಕೇಳಿರಿ. ಮನೆಯಲ್ಲಿ ಕೀಮೋ ಗುಳಿಗೆ ನುಂಗುವವರು ಆ ಡಬ್ಬಿಯನ್ನು ಮಗುವಿನ ಕೈಗೆ ಎಟುಕದಂತೆ ಬೀಗದಲ್ಲಿಡಿರಿ. ಪೆಪ್ಪರ್‌ಮೆಂಟ್ ಎಂದು ಒಂದು ಗುಳಿಗೆ ಬಾಯಿಗೆ ಹಾಕಿಕೊಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಮಗುವಿನಿಂದ ರೋಗಿಗೆ ಬರುವ ಅಪಾಯ ಬೇರೆ. ಸಣ್ಣ ಮಕ್ಕಳಿಗೆ ನೆಗಡಿ, ಕೆಮ್ಮು, ಭೇದಿ ಬರುತ್ತಲೇ ಇರುತ್ತವೆ. ಶಾಲೆಯಿಂದ ಬಂದ ಕೂಡಲೇ ಸಾಬೂನಿನಿಂದ ಕೈಕಾಲು ತೊಳೆಸಿರಿ. ಮಗುವಿಗೆ ಜ್ವರ-ನೆಗಡಿ ಇದ್ದರೆ ಆ ನಾಲ್ಕು ದಿನ ಅದು ಆಯಿಯ ಮಗ್ಗುಲಲ್ಲಿ ಮಲಗಲಿ. ದಡಾರ ಅಥವಾ ಸೀತಾಳ ಸಿಡುಬು ಕಂಡರೆ ಅಂದೇ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿರಿ. ಮಗುವಿನ ಲಸಿಕೆಗಳನ್ನು ನಿಲ್ಲಿಸಬೇಡಿರಿ. ಆದರೆ ಬಾಯಿಗೆ ಹಾಕುವ ಪೋಲಿಯೊ ಹನಿಯ ವಿಷಯದಲ್ಲಿ, ಮನೆಯಲ್ಲಿ ಕೀಮೋ ನಡೆದಿದೆ ಎಂದು ನರ್ಸಮ್ಮನಿಗೂ ಡಾಕ್ಟರಿಗೂ ಮೊದಲೇ ಹೇಳಿ ಸಲಹೆ ಪಡೆಯಿರಿ. ಹನಿಯ ಅಂಶ ಮಗುವಿನ ಮಲದಲ್ಲಿ ಕೆಲವು ವಾರ ಹೊರಬರುವುದರಿಂದ ಮಗುವಿನ ಮಲ ತೊಳೆಯುವ ಕೆಲಸವನ್ನು ಬೇರೆಯವರು ಮಾಡಬೇಕು.

ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು. ರೋಗಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿರಿ. ಗುಳಿಗೆ ಕೊಟ್ಟು ಜ್ವರ ಇಳಿಸಿ ಸುಮ್ಮನಾಗಬೇಡಿರಿ. ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಹೊರಡಿರಿ. ಆ ರಾತ್ರಿ ಮಗುವನ್ನು ಯಾರ ಮನೆಯಲ್ಲಿ ಬಿಡಬೇಕು ಎಂಬುದು ಮೊದಲೇ ನಿಶ್ಚಯವಾಗಿರಲಿ. ಮಗುವನ್ನು ಎಲ್ಲಿ ಬಿಡುವುದೆಂಬ ಚಿಂತೆಯಲ್ಲಿ ಹೊತ್ತು ಕಳೆದರೆ ಜೀವಕ್ಕೆ ಕುತ್ತು.

ಕೂದಲಿನ ಮಾತು

ಎಲ್ಲ ಕೀಮೋಗೂ ಕೂದಲು ಉದುರುವುದಿಲ್ಲ. ಉದುರಿಸುವ ಔಷಧವಾದರೆ ಮೊದಲ ಸಲೈನಿನ ಎರಡು ಮೂರು ವಾರಕ್ಕೆ ಉದುರತೊಡಗುತ್ತದೆ. ನಮ್ಮ ಕಡೆಯ ಹೆಣ್ಣುಮಗಳಿಗೆ ಇದು ಬರಿಯ ಅಂದದ ಪ್ರಶ್ನೆಯಲ್ಲ. ಬೋಳು ತಲೆ ಎಂದರೆ ನಮ್ಮ ಹಿರಿಯರ ಮನಸ್ಸಿನಲ್ಲಿ ಅಶುಭದ ನೆನಪು ಇದೆ. ಗಂಡ ಬದುಕಿರುವಾಗಲೇ ಇದೇನು ಎಂದು ಗೊಣಗುವವರಿದ್ದಾರೆ. ಅಂಥ ಮಾತು ಮನೆಯೊಳಗೆ ಬರದಂತೆ ತಡೆಯುವುದು ಗಂಡನ ಕೆಲಸ, ಅತ್ತೆಯ ಕೆಲಸ. ಕೂದಲು ಉದುರಿಸಿದ್ದು ಔಷಧ, ಹಣೆಬರಹವಲ್ಲ. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ.

ಮಗುವಿಗೆ ಮೊದಲೇ ಹೇಳಿರಿ: "ಅವ್ವನ ಕೂದಲಾ ಉದುರ್ತಾವ, ಆಮ್ಯಾಲೆ ಮತ್ತ ಬರ್ತಾವ. ಅವ್ವ ಮಾತ್ರ ಅದೇ ಅವ್ವ." ಉದುರುವ ಮುಂಚೆಯೇ ಕೂದಲನ್ನು ಸಣ್ಣದಾಗಿ ಕತ್ತರಿಸಿಕೊಂಡರೆ ಮಗುವಿನ ಕಣ್ಣಿಗೆ ಒಮ್ಮೆಲೇ ಬದಲಾವಣೆ ಬೀಳುವುದಿಲ್ಲ. ತಲೆಗೆ ಕಟ್ಟಿಕೊಳ್ಳುವ ಮೆತ್ತನೆಯ ಅರಿವೆಯ ಬಣ್ಣವನ್ನು ಮಗುವೇ ಆರಿಸಲಿ. ಮೊದಲ ಬಾರಿ ನೋಡಿದಾಗ ಮಗು ಹಿಂದೆ ಸರಿದರೆ ತಾಯಿ ನೊಂದುಕೊಳ್ಳಬಾರದು. ದನಿ ಕೇಳಿಸಿರಿ, ಮೊದಲಿನಂತೆ ಹೆಸರು ಹಿಡಿದು ಕರೆಯಿರಿ. ದನಿಯ ಗುರುತು ಹಿಡಿದು ಹತ್ತಿರ ಬರುತ್ತದೆ.

ಮಲಗಿದಲ್ಲೇ ತಾಯ್ತನ

"ನನ್ನ ಕೂಸನ್ನ ಎತ್ತಿಕೊಳ್ಳಲಿಕ್ಕೂ ಆಗವಲ್ದು" ಎಂದು ಅಳುವ ತಾಯಂದಿರು ಬಹಳ. ಎತ್ತಿಕೊಳ್ಳುವುದು ತಾಯ್ತನದ ಒಂದು ಭಾಗ ಮಾತ್ರ. ಮಲಗಿಕೊಂಡೇ ಕಥೆ ಹೇಳಬಹುದು. ನಲಿ-ಕಲಿ ಪಾಠ ಓದಿಸಿ ಕೇಳಬಹುದು. ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕಬಹುದು. ಮರದಲ್ಲಿ ತೊಗರಿಬೇಳೆ ಹಾಕಿಕೊಂಡು ಇಬ್ಬರೂ ಕೂತು ಹಸನು ಮಾಡಬಹುದು. ದಿನಕ್ಕೆ ಅರ್ಧ ತಾಸು ಸಾಕು, ಆದರೆ ದಿನವೂ ಅದೇ ಹೊತ್ತಿಗೆ ಆಗಲಿ. ಉಣ್ಣುವ, ಮಲಗುವ, ಶಾಲೆಗೆ ಹೋಗುವ ಹೊತ್ತು ಬದಲಾಗದಿದ್ದರೆ ಮಗುವಿನ ಕಾಲಡಿಯ ನೆಲ ಗಟ್ಟಿಯಾಗಿರುತ್ತದೆ. ಕ್ಲಾಸಿನ ಮೇಡಮ್ಮಿಗೂ ಅಂಗನವಾಡಿ ಟೀಚರಿಗೂ ವಿಷಯ ತಿಳಿಸಿಡಿರಿ.

ರೋಗಿಗೆ ಬಾಯಿ ಹುಣ್ಣಾದಾಗ ಖಾರ ಆಗದು, ಒಗ್ಗರಣೆ ವಾಸನೆಗೆ ವಾಂತಿ ಬರುತ್ತದೆ. ಮೆತ್ತಗಿನ ಅನ್ನ, ತೊಗರಿ ಕಟ್ಟು, ಜೋಳದ ಅಂಬಲಿ, ರವೆ ಗಂಜಿ ಇಂಥದನ್ನು ಸ್ವಲ್ಪ ಸ್ವಲ್ಪ ಕೊಡಿರಿ. ಆದರೆ ಮಗುವಿಗೂ ಅದನ್ನೇ ಉಣಿಸಬೇಡಿರಿ. ಅದರ ರೊಟ್ಟಿ-ಪಲ್ಯ ಅದಕ್ಕೆ ಇರಲಿ.

ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಹೆಣ್ಣುಮಗು ಇದ್ದರೆ ಅಡಿಗೆ, ನೀರು, ತಮ್ಮನನ್ನು ಎತ್ತಿಕೊಳ್ಳುವುದು ಎಲ್ಲ ಅವಳ ತಲೆಗೇ ಬೀಳುತ್ತದೆ. ಮೊದಲು ವಾರಕ್ಕೆ ಎರಡು ದಿನ ಶಾಲೆ ತಪ್ಪುತ್ತದೆ, ಆಮೇಲೆ ಶಾಲೆಯೇ ಬಿಟ್ಟುಹೋಗುತ್ತದೆ. ಅವ್ವನ ರೋಗ ವಾಸಿಯಾದ ಮೇಲೂ ಆ ಮಗಳ ನಷ್ಟ ತುಂಬುವುದಿಲ್ಲ. ಸಣ್ಣಪುಟ್ಟ ನೆರವು ಮಾಡಲಿ, ಪುಸ್ತಕ ಮಾತ್ರ ಬಿಡಿಸಬೇಡಿರಿ. ಅಪ್ಪ ರೋಗಿಯಾದರೆ ಗಂಡುಮಗನನ್ನು ದುಡಿಯಲು ಹಚ್ಚುವುದೂ ಅಷ್ಟೇ ತಪ್ಪು.

ಬಂಧುಗಳು ನೋಡಲು ಬಂದಾಗ ಮಗುವಿನೆದುರು "ಅಯ್ಯೋ ಪಾಪ" ಎನ್ನದಿರಲಿ. ನಿಜವಾಗಿ ನೆರವಾಗುವ ಮನಸ್ಸಿದ್ದರೆ ಮಗುವನ್ನು ಶಾಲೆಗೆ ಬಿಟ್ಟು ಬರಲಿ, ಒಂದು ಹೊತ್ತಿನ ರೊಟ್ಟಿ ಬಡಿದು ಕೊಡಲಿ. ಅದೂ ದಾಸೋಹವೇ.

ಖರ್ಚು ಮತ್ತು ದಾರಿ

ಹಣದ ಚಿಂತೆಯಲ್ಲಿ ಅಪ್ಪ ಸಿಟ್ಟಾದರೆ ಏಟು ತಿನ್ನುವುದು ಮಗು. ಆದ್ದರಿಂದ ಸಿಗುವ ಸೌಲಭ್ಯಗಳನ್ನು ತಿಳಿದಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಇಎಸ್‌ಐ ಕಾರ್ಡು ಇರುವ ಕಾರ್ಮಿಕರ ಹೆಂಡತಿ-ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ. ಡಾಕ್ಟರು ಒಪ್ಪಿದರೆ ಹತ್ತಿರದಲ್ಲೇ ಕೀಮೋ ಪಡೆದು ರಾತ್ರಿ ಮಗುವಿನ ಬಳಿಗೆ ಮರಳುವುದು, ದೂರದ ಊರಲ್ಲಿ ತಿಂಗಳುಗಟ್ಟಲೆ ಕೂರುವುದಕ್ಕಿಂತ ಮೇಲು. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಲೇಬೇಕಾದವರಿಗೆ ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ ಹಣವಿಲ್ಲ, ಜೊತೆಗಾರರೊಬ್ಬರಿಗೆ ಶೇಕಡಾ 75 ರಿಯಾಯಿತಿ. ಚಿಂಚೋಳಿಗೆ ರೈಲಿಲ್ಲ, ಆದರೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತ. ಮನಸ್ಸು ತೀರಾ ಕುಗ್ಗಿದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಕೊನೆಗೆ, ಹೇಳಲು ಕಷ್ಟವಾದ ಮಾತು. ಎಲ್ಲರ ರೋಗವೂ ವಾಸಿಯಾಗುವುದಿಲ್ಲ. ಔಷಧ ಕೆಲಸ ಮಾಡುತ್ತಿಲ್ಲ ಎಂದು ಡಾಕ್ಟರು ಹೇಳುವ ದಿನ ಕೆಲವು ಮನೆಗಳಿಗೆ ಬರುತ್ತದೆ. ಅಂದು ಮಗುವನ್ನು ಊರಿಗೆ ಕಳಿಸಿ, ಎಲ್ಲ ಮುಗಿದ ಮೇಲೆ ಕರೆತರಬೇಡಿರಿ. ನೋವು ಕಡಿಮೆ ಮಾಡುವ ಔಷಧ ಕೇಳಿ ಪಡೆಯಿರಿ. ಮಗು ಹತ್ತಿರ ಕೂರಲಿ, ನೀರು ಕುಡಿಸಲಿ, ಕೈ ಹಿಡಿದುಕೊಳ್ಳಲಿ. ಔಷಧ ಗುಣ ಮಾಡಲಾರದೆ ಹೋಗಿದೆ, ನಾವೆಲ್ಲ ಜೊತೆಗಿದ್ದೇವೆ ಎಂದು ಅದಕ್ಕೂ ಹೇಳಿರಿ. ಬೀಳ್ಕೊಡುವ ಹಕ್ಕು ಮಗುವಿಗೂ ಇದೆ. ತನ್ನನ್ನು ಹೊರಗಿಡಲಿಲ್ಲ ಎಂಬ ನೆನಪು ದೊಡ್ಡವನಾದ ಮೇಲೂ ಅದನ್ನು ಕಾಯುತ್ತದೆ.

ಇವತ್ತು ಮನೆಗೆ ಹೋದ ಮೇಲೆ ಒಂದೇ ಒಂದು ಕೆಲಸ ಮಾಡಿರಿ. ಮಗುವನ್ನು ಹತ್ತಿರ ಕೂರಿಸಿಕೊಂಡು, "ನಿನಗ ಏನರೇ ಕೇಳೂದದ ಏನು?" ಎಂದು ಕೇಳಿರಿ. ಆಮೇಲೆ ಅದು ಹೇಳುವುದನ್ನು ಸುಮ್ಮನೆ ಕೇಳಿಸಿಕೊಳ್ಳಿರಿ. ನಿಮ್ಮೆಲ್ಲರಿಗೂ ಬೇಗ ಗುಣವಾಗಲಿ.